ಮಿಲ್ ಫೋರ್ಕಿನ ಚೀಟಿಗಳು

ಅಂಟಿನ ಗಂಜಿ ಕಾಯಿಸಿದವಳು ನಾನು. ಆಮೇಲೆ ಯಾರು ಯಾರ ಮೇಲೆ ಏನೇನು ಹೊರಿಸಿದರೂ ಇದೊಂದನ್ನು ಯಾರೂ ಅಲ್ಲಗಳೆಯಲಿಲ್ಲ. ಗೋಧಿಹಿಟ್ಟು, ನೀರು, ಚಿಟಿಕೆ ಪಟಿಕ. ಗಂಟಾಗದ ಹಾಗೆ ತಿರುವುತ್ತಾ ನಿಂತರೆ ಇಪ್ಪತ್ತು ನಿಮಿಷದ ಕೆಲಸ. ಮೂರು ವಾರ, ದಿನಕ್ಕೆ ಎರಡು ಬೋಗುಣಿ ಕಾಯಿಸಿದೆ.

ಮನೆ ನನ್ನದಲ್ಲ. ನನ್ನ ತಂಗಿ ಲವಿನಿಯಾಳ ಗಂಡ ಓರಿನ್ ಹ್ಯಾಸ್ಕಲ್ ಅವರದು. ನಾನು ಟ್ರೈಫೀನಾ, ಮದುವೆಯಾಗದವಳು. ತಂಗಿಯ ಮೊದಲ ಬಾಣಂತನಕ್ಕೆಂದು ಒಂದು ಪೆಟ್ಟಿಗೆ ಹಿಡಿದು ಬಂದವಳು ಇಪ್ಪತ್ತೆರಡು ವರ್ಷ ಉಳಿದುಬಿಟ್ಟೆ. ಹುಟ್ಟಿದ ಕೂಸು ಅಡೀಲಿಯಾ ಈಗ ಊರಿನ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ನಾಲ್ಕನೆಯ ಹೆಂಗಸು ಓರಿನ್ ಅವರ ತಾಯಿ ಕೆಜೈಯಾ ಅಜ್ಜಿ. ಎಂಬತ್ತೊಂದು ವಯಸ್ಸು, ಬಾಯಿಗೆ ಮಾತ್ರ ಮೂವತ್ತು.

ಓರಿನ್ ಅವರನ್ನು ಊರೆಲ್ಲ ಜಡ್ಜ್ ಎನ್ನುತ್ತಿತ್ತು. ಅವರು ಆ ಕುರ್ಚಿಯಲ್ಲಿ ಕೂತಿದ್ದು ಹದಿನೆಂಟೇ ತಿಂಗಳು. ಆದರೂ ಹೆಂಡತಿಯೂ ಅವರನ್ನು ಜಡ್ಜ್ ಅಂತಲೇ ಕರೆಯುತ್ತಿದ್ದಳು. ಅಪ್ಪನಿಲ್ಲದ ಹುಡುಗ, ಮುದಿ ವಕೀಲರೊಬ್ಬರ ಮನೆಗೆ ಸೌದೆ ಒಡೆದುಕೊಟ್ಟು ಅವರ ಪುಸ್ತಕ ಓದಿ ವಕೀಲನಾದದ್ದು, ಕುದುರೆ ಮೇಲೆ ಊರಿಂದೂರಿಗೆ ನ್ಯಾಯಾಲಯದ ಹಿಂದೆ ಅಲೆದದ್ದು, ರಾಜ್ಯದ ಸಭೆಗೆ ಎರಡು ಸಲ, ಅಂತರ್ಯುದ್ಧದ ವರ್ಷಗಳಲ್ಲಿ ವಾಷಿಂಗ್ಟನ್ನಿನ ದೊಡ್ಡ ಸಭೆಗೆ ಒಂದು ಸಲ ಆರಿಸಿ ಹೋದದ್ದು, ಇದನ್ನೆಲ್ಲ ಅಜ್ಜಿ ಹಾಲು ಹಾಕುವವನಿಗೂ ಒಪ್ಪಿಸುತ್ತಿದ್ದರು. ಆಮೇಲೆ ಎರಡು ಸಲ ಸೋತದ್ದನ್ನು ಒಪ್ಪಿಸುತ್ತಿರಲಿಲ್ಲ.

ಸಾವಿರದ ಎಂಟುನೂರ ಎಪ್ಪತ್ತನಾಲ್ಕರ ಆಗಸ್ಟಿನಲ್ಲಿ ಪಕ್ಷದ ಸಭೆ ಸೇರಿ, ಜಡ್ಜರನ್ನು ಬಿಟ್ಟು, ರೈಲ್ವೆಯ ಕೇಸು ನಡೆಸುವ ಗ್ರೇವ್ಸ್ ಎಂಬ ಎಳೆಯ ವಕೀಲನನ್ನು ವಾಷಿಂಗ್ಟನ್ನಿಗೆ ಅಭ್ಯರ್ಥಿ ಮಾಡಿತು. ಜಡ್ಜರು ಮನೆಗೆ ಬಂದು, ಟೋಪಿ ತೆಗೆಯದೆ ಊಟಕ್ಕೆ ಕೂತರು.

"ಅಂಟಿಸ್ತೀನಿ," ಅಂದರು.

ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮಲ್ಲಿ ಮತದ ಚೀಟಿಯನ್ನು ಅಚ್ಚು ಹಾಕಿಸುವುದು ಆಯಾ ಪಕ್ಷದವರೇ. ಮೇಲಿನ ಹುದ್ದೆಯಿಂದ ಕೆಳಗಿನ ಹುದ್ದೆಯವರೆಗೆ ತಮ್ಮವರ ಹೆಸರನ್ನೆಲ್ಲ ಒಂದೇ ಉದ್ದ ಚೀಟಿಯಲ್ಲಿ ಹಾಕಿಸಿ, ಮಡಿಸಿ, ಮತಗಟ್ಟೆಯ ಬಾಗಿಲಲ್ಲಿ ಹಂಚುತ್ತಾರೆ. ಜನ ಅದನ್ನು ಬಿಚ್ಚಿಯೂ ನೋಡದೆ ಪೆಟ್ಟಿಗೆಗೆ ಹಾಕುತ್ತಾರೆ. ಅದರಲ್ಲಿ ಒಂದು ಹೆಸರು ಬೇಡವಾದವನು ಅದರ ಮೇಲೆ ಇನ್ನೊಂದು ಹೆಸರಿನ ಸಣ್ಣ ಪಟ್ಟಿ ಅಂಟಿಸಿದರೆ ಆಯಿತು, ಕಾನೂನು ಒಪ್ಪುತ್ತದೆ. ಗ್ರೇವ್ಸನ ಹೆಸರಿನ ಮೇಲೆ ಹ್ಯಾಸ್ಕಲ್ ಹೆಸರು. ನಮ್ಮ ಕೌಂಟಿಗೆ ನಾಲ್ಕು ಸಾವಿರ ಚೀಟಿ.

"ಯಾರಪ್ಪಾ ಅಂಟಿಸೋರು?" ಅಂದಳು ಅಡೀಲಿಯಾ.

"ನಾಲ್ಕು ಜನ ಇದ್ದೀರಲ್ಲ."

"ನಮಗೇ ಓಟಿಲ್ಲ, ಊರವರ ಓಟಿಗೆ ನಾವು ಅಂಟು ಬಳೀಬೇಕು," ಅಂತ ಅವಳು ನಕ್ಕಳು. ಆದರೆ ಅವಳಿಗೆ ಹುರುಪೇ ಬಂದಿತ್ತು. ಅಪ್ಪನನ್ನು ಕಂಡರೆ ಅವಳಿಗೆ ಎಂದಿನಿಂದಲೂ ಹೆಮ್ಮೆ.

ಲವಿನಿಯಾ ಬ್ರೆಡ್ಡು ಕತ್ತರಿಸುತ್ತಿದ್ದಳು. "ಗೆದ್ದರೆ ನಾನೂ ಬರಬೇಕಾ?" ಅಂತ ಕೇಳಿದಳು.

"ಬರದೆ? ಹೆಂಡತಿ ಜೊತೆಗಿಲ್ಲದ ಸದಸ್ಯನ್ನ ಯಾರು ಊಟಕ್ಕೆ ಕರೀತಾರೆ?"

"ಅದೇ ಮನೆಗಾ?"

"ಮಿಸೆಸ್ ಕಾಫಿನ್ ಮನೆ ಒಳ್ಳೇದೇ. ಸಭೆಗೆ ಹತ್ತಿರ. ಬೇರೆ ಕೋಣೆ ಕೇಳಿದರಾಯ್ತು."

ಲವಿನಿಯಾ ಬ್ರೆಡ್ಡಿನ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು.

ಮಿಸೆಸ್ ಕಾಫಿನ್ ನಡೆಸುತ್ತಿದ್ದ ಊಟ-ವಸತಿಯ ಮನೆಯ ಮೂರನೆಯ ಮಹಡಿಯಲ್ಲಿ ಜಡ್ಜರ ಮತ್ತು ಲವಿನಿಯಾಳ ಮಗ ಆಸಾ ವಿಷಮಜ್ವರದಲ್ಲಿ ತೀರಿಕೊಂಡಿದ್ದ. ಒಂಬತ್ತು ವರ್ಷದವನು. ಹನ್ನೆರಡು ವರ್ಷದ ಹಿಂದಿನ ಮಾತು. ಅವತ್ತು ಸಭೆಯಲ್ಲಿ ಜಡ್ಜರ ಮೊದಲ ದೊಡ್ಡ ಭಾಷಣ. ಮಧ್ಯಾಹ್ನ ಎರಡಕ್ಕೆ ಹುಡುಗನಿಗೆ ಜ್ವರ ಏರಿತೆಂದು ಲವಿನಿಯಾ ಕೆಲಸದವಳ ಕೈಯಲ್ಲಿ ಕಾಗದ ಬರೆದು ಕಳಿಸಿದಳು. ಹುಡುಗ ಆರಕ್ಕೆ ಹೋದ, ಅಪ್ಪ ಎಂಟಕ್ಕೆ ಬಂದರು. "ಕಾಗದ ನನ್ನ ಕೈಗೆ ಸಿಗಲೇ ಇಲ್ಲ," ಅಂದರಂತೆ. ಅವಳು ಮತ್ತೆ ಕೇಳಲಿಲ್ಲ. ಅಲ್ಲಿಂದ ವಾಪಸು ಬಂದ ಮೇಲೆ ನನ್ನ ತಂಗಿ ಎಲ್ಲರಿಗಿಂತ ಮೊದಲು ಏಳುತ್ತಿದ್ದಳು, ಎಲ್ಲ ಕೆಲಸ ಮಾಡುತ್ತಿದ್ದಳು, ಅತ್ತಿದ್ದನ್ನು ನಾನು ಕಾಣಲಿಲ್ಲ, ನಕ್ಕಿದ್ದನ್ನೂ ಕಾಣಲಿಲ್ಲ.

ಸೆಪ್ಟೆಂಬರ್ ಕೊನೆಯಿಂದ ಕೆಲಸ ಶುರುವಾಯಿತು. ಅಡೀಲಿಯಾ ಶಾಲೆಯಿಂದ ಬಂದವಳೇ ಹೆಸರಿನ ಪಟ್ಟಿಗಳನ್ನು ಕತ್ತರಿಸಲು ಕೂರುತ್ತಿದ್ದಳು. ನಾನು ಗಂಜಿ. ಲವಿನಿಯಾ ಅಂಟಿಸುವುದು, ಅವಳ ಕೈ ನೇರ. ಅಜ್ಜಿ ಒಲೆಯ ಪಕ್ಕ ಕೂತು ಸೇಬು ಸುಲಿಯುತ್ತಾ ಮೇಲ್ವಿಚಾರಣೆ ಮಾಡುತ್ತಿದ್ದರು. ಅಂಟಿಸಿದ ಚೀಟಿ ಒಂದು ಹಗಲು ಒಂದು ರಾತ್ರಿ ಹಲಗೆಯ ಮೇಲೆ ಒಣಗಬೇಕು, ಆಮೇಲೆ ಮಡಿಸಿ ಐವತ್ತರ ಕಟ್ಟು ಕಟ್ಟಬೇಕು. ಇದು ಅಡೀಲಿಯಾ ಮಾಡಿದ ನಿಯಮ. ಊಟದ ಮೇಜಿನ ಮೇಲೆಲ್ಲ ಚೀಟಿ ಹರಡಿದ್ದರಿಂದ ನಾವು ನಿಂತುಕೊಂಡೇ ಉಣ್ಣುತ್ತಿದ್ದೆವು. ಬೀನ್ಸು, ಉಪ್ಪು ಹಾಕಿದ ಹಂದಿಮಾಂಸ, ಮೆಕ್ಕೆಜೋಳದ ಬ್ರೆಡ್ಡು. ಮರುದಿನ ಮತ್ತೆ ಅದೇ.

"ಸೊಸೆ, ನಿನ್ನ ಗಂಡನ ಹೆಸರು ಸೊಟ್ಟಗಾಯ್ತು ನೋಡು," ಅನ್ನುತ್ತಿದ್ದರು ಅಜ್ಜಿ.

"ನೆಟ್ಟಗೇ ಇದೆ, ಅತ್ತೆ."

"ಮುಖಕ್ಕೆ ಸ್ವಲ್ಪ ಗೆಲುವು ತಂದ್ಕೊ. ವಾಷಿಂಗ್ಟನ್ನಲ್ಲಿ ಈ ಮುಖ ಹೊತ್ಕೊಂಡು ಕೂತರೆ, ಹ್ಯಾಸ್ಕಲ್ ಹೆಂಡತಿಗೆ ಹೊಟ್ಟೆಗೆ ಹಾಕಲ್ಲ ಅಂದ್ಕೋತಾರೆ."

"ಅಜ್ಜಿ, ನೀವೇ ಹೋಗಿಬನ್ನಿ ಅಪ್ಪನ ಜೊತೆ," ಅಂದಳು ಅಡೀಲಿಯಾ.

"ಕರೆದರೆ ಇವತ್ತೇ ಹೊರಟೆ. ಕರೆಯೋರಿಲ್ಲ."

ಲವಿನಿಯಾ ಒಂದೇ ಒಂದು ಸಲ ನನ್ನ ಹತ್ತಿರ ಬಾಯಿಬಿಟ್ಟಳು. ಬಾವಿಯ ಹತ್ತಿರ ಬಕೆಟ್ಟು ತುಂಬಿಸುತ್ತಿದ್ದೆವು. "ಅಕ್ಕಾ, ಆ ಮನೇಲಿ ಮೂವತ್ತೊಂಬತ್ತು ಮೆಟ್ಟಿಲಿದೆ," ಅಂದಳು. "ನಾನು ಮತ್ತೆ ಹತ್ತಲ್ಲ."

"ಅವರಿಗೆ ಹೇಳು."

"ಹೇಳಿದೆ. ಬೇರೆ ಕೋಣೆ ಕೇಳೋಣ ಅಂದರು."

ಚುನಾವಣೆ ಅಕ್ಟೋಬರಿನಲ್ಲಿ, ಒಂದು ಮಂಗಳವಾರ. ಹಿಂದಿನ ಶನಿವಾರ ನಾಲ್ಕು ಗಂಟೆಗೆ ಸೈಲಸ್ ಪೂಲ್ ಗಾಡಿ ತಂದ. ಮಿಲ್ ಫೋರ್ಕಿನ ಹಿಟ್ಟಿನ ಗಿರಣಿಯವನು, ಆ ಕಡೆಯ ಮತಗಟ್ಟೆಯಲ್ಲಿ ನಮ್ಮ ಚೀಟಿ ಹಂಚುವವನು. ಅಡೀಲಿಯಾ ಮುಂಬಾಗಿಲಲ್ಲಿ ಅವನನ್ನು ಮಾತಾಡಿಸುತ್ತಿದ್ದಳು. ಬೆಳಿಗ್ಗೆಯಷ್ಟೇ ಅಂಟಿಸಿದ ಕೊನೆಯ ಹಲಗೆ ಹಿಂದಿನ ಜಗಲಿಯಲ್ಲಿತ್ತು. ತುಂತುರು ಬಿದ್ದು ಹೋಗಿತ್ತು. ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ. ಲವಿನಿಯಾ ಹಲಗೆಯ ಹತ್ತಿರ ನಿಂತು ಒಂದು ಚೀಟಿಯನ್ನು ಹೆಬ್ಬೆರಳಿನಿಂದ ಒತ್ತಿದಳು, ಬೆರಳನ್ನು ಏಪ್ರನ್ನಿಗೆ ಒರೆಸಿಕೊಂಡಳು. ಆಮೇಲೆ ಎಲ್ಲವನ್ನೂ ಒಂದರ ಮೇಲೊಂದು ಇಟ್ಟು, ಎರಡೆರಡು ಸೇರಿಸಿ ಮಡಿಸಿ, ಪೆಟ್ಟಿಗೆಗೆ ತುಂಬಿದಳು. ಇಸ್ತ್ರಿ ಪೆಟ್ಟಿಗೆಯನ್ನು ಒಳಗಿನಿಂದ ತಂದು ಅದರ ಮೇಲೆ ಹೇರಿದಳು. ಸ್ವಲ್ಪ ಹೊತ್ತು ಬಿಟ್ಟು ತೆಗೆದು, ಮುಚ್ಚಳ ಮುಚ್ಚಿದಳು.

ತಲೆ ಎತ್ತಿದಾಗ ನನ್ನನ್ನು ನೋಡಿದಳು. ನಾನು ಬೋಗುಣಿ ತೊಳೆಯುವುದಕ್ಕೆ ತಿರುಗಿಕೊಂಡೆ. ಸೈಲಸ್ ಪೆಟ್ಟಿಗೆ ಹೊತ್ತುಕೊಂಡು ಹೋದ.

ಜಡ್ಜರು ಹದಿನೇಳು ಮತದಿಂದ ಸೋತರು. ಆ ಸುದ್ದಿ ಗುರುವಾರ ಸೈಲಸನ ಜೊತೆಗೇ ಬಂತು. ಅವನು ಕೂರಲಿಲ್ಲ.

"ಮಿಲ್ ಫೋರ್ಕಲ್ಲಿ ಎಂಬತ್ತೆಂಟು ಚೀಟಿ ಹರಿದು ಹಾಕಿದರು, ಜಡ್ಜ್. ಒಂದರೊಳಗೊಂದು ಸೇರ್ಕೊಂಡಿದ್ದವು. ಎರಡು ಚೀಟಿ ಒಟ್ಟಿಗೆ ಸಿಕ್ಕಿದರೆ ಎರಡೂ ಹೋಯ್ತು, ಕಾನೂನೇ ಹಂಗೆ. ನಲವತ್ತನಾಲ್ಕು ಜನದ ಮತ."

"ಸೇರ್ಕೊಂಡಿದ್ದವು ಅಂದ್ರೆ?"

"ಅಂಟ್ಕೊಂಡಿದ್ದವು. ನಾನು ಹೇಳ್ದೆ, ಅಂಟು ಹಸಿ ಇತ್ತು, ಮೋಸ ಅಲ್ಲ ಅಂತ. ಎಣಿಸೋಕೆ ಕೂತಿದ್ದವರು ಗ್ರೇವ್ಸ್ ಕಡೆಯವರು. ನಕ್ಕರು."

ಶನಿವಾರದ ಪತ್ರಿಕೆಯಲ್ಲಿ ಹ್ಯಾಸ್ಕಲ್ ಕಡೆಯವರು ಒಬ್ಬೊಬ್ಬರು ಎರಡೆರಡು ಮತ ಹಾಕಿದರೆಂದು ದಪ್ಪಕ್ಷರದಲ್ಲಿ ಬಂತು. ಜಡ್ಜರು ಮೂವತ್ತು ವರ್ಷ ವಕೀಲಿಕೆ ಮಾಡಿ ಒಂದು ಸುಳ್ಳು ಸಾಕ್ಷಿಯನ್ನೂ ನಿಲ್ಲಿಸದ ಮನುಷ್ಯ ಎಂದು ಹೆಸರಿದ್ದವರು. ಭಾನುವಾರ ಚರ್ಚಿನಲ್ಲಿ ನಮ್ಮ ಬೆಂಚಿನಲ್ಲಿ ಜಾಗ ಧಾರಾಳವಾಗಿತ್ತು. ಶಾಲೆಯಲ್ಲಿ ಯಾರೋ ಕಪ್ಪು ಹಲಗೆಯ ಮೇಲೆ "ಒಂದಕ್ಕೆ ಎರಡು ಹ್ಯಾಸ್ಕಲ್" ಎಂದು ಬರೆದಿದ್ದರು. ಅಡೀಲಿಯಾ ಅದನ್ನು ಒರೆಸಿ ಲೆಕ್ಕದ ಪಾಠ ಮಾಡಿ ಬಂದಳು. ಮನೆಗೆ ಬಂದ ಮೇಲೆ ಅತ್ತಳು.

ಸೋತರೆ ತಂಗಿಗೆ ಹಗುರಾಗುತ್ತದೆಂದು ನಾನು ಎಣಿಸಿದ್ದೆ. ಏನೂ ಆಗಲಿಲ್ಲ. ಅವಳು ಮೇಜಿಗೆ ಹತ್ತಿದ್ದ ಒಣಗಂಜಿಯನ್ನು ಚಾಕುವಿನಿಂದ ಕೆರೆಯುತ್ತಾ ಎರಡು ದಿನ ಕಳೆದಳು. ನನಗೂ ಏನೂ ಅನ್ನಿಸುತ್ತಿರಲಿಲ್ಲ. ಚಳಿಯಲ್ಲಿ ಬಟ್ಟೆ ಒಗೆದ ಮೇಲೆ ಬೆರಳುಗಳು ಹೇಗಿರುತ್ತವೋ ಹಾಗಿತ್ತು.

ಮಂಗಳವಾರ ಫಲಿತಾಂಶ ಅಧಿಕೃತವಾಗಿ ಘೋಷಣೆಯಾಯಿತು. ಅವತ್ತು ಊಟಕ್ಕೆ ಕೂತಾಗ ಜಡ್ಜರಿಗೆ ಜೀವ ಬಂದ ಹಾಗಿತ್ತು.

"ತಕರಾರು ಹೂಡ್ತೀನಿ," ಅಂದರು. "ಮೂವತ್ತು ದಿನದೊಳಗೆ ಗ್ರೇವ್ಸ್ ಕೈಗೆ ನೋಟೀಸು ಮುಟ್ಟಬೇಕು. ಆಮೇಲೆ ವಾಷಿಂಗ್ಟನ್ನಲ್ಲಿ ಸಮಿತಿ ಕೂರತ್ತೆ. ಅಂಟು ಹಸಿಯಾಗಿತ್ತು, ಗೊತ್ತಿಲ್ಲದೆ ಆದ ತಪ್ಪು ಅಂತ ಒಬ್ಬರು ಪ್ರಮಾಣ ಮಾಡಿ ಬರೆದುಕೊಟ್ಟರೆ ಸಾಕು. ಆ ನಲವತ್ತನಾಲ್ಕೂ ನನಗೇ ಬರತ್ತೆ. ಹೆಸರೂ ಉಳಿಯತ್ತೆ, ಸೀಟೂ ಸಿಗತ್ತೆ. ಮಿಲ್ ಫೋರ್ಕಿನ ಪೆಟ್ಟಿಗೆ ತುಂಬಿದ್ದು ಯಾರು?"

"ನಾನು," ಅಂದಳು ಲವಿನಿಯಾ.

"ಸರಿ. ನಾಳೆ ಬರೆದುಕೊಡು."

"ಹಸಿ ಇತ್ತು ಅಂತ ನನಗೆ ಗೊತ್ತಿತ್ತು."

ಜಡ್ಜರು ಚಮಚ ಕೆಳಗಿಟ್ಟರು. ನ್ಯಾಯಾಲಯದಲ್ಲಿ ಕೇಳುವ ಹಾಗೆ ಮೆಲ್ಲಗೆ ಕೇಳಿದರು.

"ಮುಟ್ಟಿ ನೋಡಿದೆಯಾ?"

"ನೋಡಿದೆ."

"ಒಟ್ಟಿಗೆ ಇಟ್ಟರೆ ಅಂಟ್ಕೊಳ್ಳತ್ತೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಎರಡೆರಡು ಸೇರಿಸಿ ಮಡಿಸಿದೆ. ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟೆ."

"ಯಾಕೆ?"

"ಆ ಮನೆಗೆ ನಾನು ಹೋಗಲ್ಲ."

ಅಜ್ಜಿ ತಟ್ಟೆ ದೂಡಿದರು. "ಉಂಡ ಮನೆಗೆ ಎರಡು ಬಗೆದೆಯಲ್ಲೇ. ನನ್ನ ಮಗ ಸೌದೆ ಒಡೆದು ಮೇಲೆ ಬಂದೋನು. ನೀನು ಹನ್ನೆರಡು ವರ್ಷದಿಂದ ಮೂತಿ ಊದಿಸ್ಕೊಂಡು ಕೂತಿದ್ದೀಯ. ಮಕ್ಕಳು ಸತ್ತಿದ್ದು ನಿನಗೊಬ್ಬಳಿಗೇನಾ? ನಾನು ನಾಲ್ಕು ಹೂತೆ."

"ನಿಮ್ಮ ಮಕ್ಕಳು ಸಾಯೋವಾಗ ಗಂಡ ಜೊತೆಗಿದ್ದರು, ಅತ್ತೆ."

"ಅಮ್ಮಾ," ಅಂದಳು ಅಡೀಲಿಯಾ. "ಮೂರು ವಾರ ನಾನು ಕತ್ತರಿಸಿದ್ದೀನಿ. ಬೆರಳೆಲ್ಲ ಬೊಬ್ಬೆ. ಒಂದು ಮಾತು ಹೇಳಿದ್ದರೆ ಆಗ್ತಿರಲಿಲ್ವಾ?"

"ಹೇಳಿದ್ದೆ. ನೀನೂ ಇಲ್ಲೇ ಕೂತಿದ್ದೆ, ಅವತ್ತು."

ಮರುದಿನ ಜಡ್ಜರು ಪ್ರಮಾಣಪತ್ರ ಬರೆದು ತಂದು ಲವಿನಿಯಾಳ ಮುಂದಿಟ್ಟರು. ಒಂದೇ ಪುಟ. "ಗೊತ್ತಿಲ್ಲದೆ" ಎಂಬ ಮಾತು ಮಧ್ಯದಲ್ಲಿತ್ತು. ಅವಳು ಓದಿ, ಹಿಟ್ಟು ಮೆತ್ತಿದ ಬೆರಳನ್ನು ಅದರ ಮೇಲಿಟ್ಟಳು. "ಇದನ್ನ ಹೊಡೆದುಹಾಕಿ. ಆಮೇಲೆ ಸಹಿ ಮಾಡ್ತೀನಿ."

"ಹೊಡೆದುಹಾಕಿದರೆ ಈ ಕಾಗದಕ್ಕೆ ಅರ್ಥ ಇಲ್ಲ, ಲವಿನಿಯಾ. ಗೊತ್ತಿದ್ದೂ ಮಾಡಿದ್ದು ಅಂದರೆ ಮೋಸಾನೇ ಆಗತ್ತೆ."

"ಆಗತ್ತೆ."

ಆ ವಾರವೆಲ್ಲ ಅಡೀಲಿಯಾ ಅಮ್ಮನ ಹಿಂದೆ ಬಿದ್ದಳು. ಬಟ್ಟೆ ಹಿಂಡುವಾಗ, ಬೆಣ್ಣೆ ಕಡೆಯುವಾಗ, "ಸಹಿ ಹಾಕಮ್ಮ, ನೀನು ಹೋಗಬೇಡ, ನಾನು ಹೋಗ್ತೀನಿ ಅಪ್ಪನ ಜೊತೆ" ಅಂತ. ಲವಿನಿಯಾ, "ಸುಳ್ಳು ಬರೆಯೋಕೆ ನಿನ್ನ ಶಾಲೇಲಿ ಹೇಳಿಕೊಡ್ತೀಯಾ?" ಅಂದಳು. ಆಮೇಲೆ ಅವರಿಬ್ಬರ ನಡುವೆ ಉಪ್ಪು ಕೊಡು, ಬಾಗಿಲು ಹಾಕು ಎನ್ನುವಷ್ಟೇ ಮಾತು ಉಳಿಯಿತು.

ದಾರಿ ಕಂಡುಹಿಡಿದವರು ಅಜ್ಜಿ. "ಓರಿನ್, ನಾನು ತುಂಬಿದೆ ಅಂತ ಬರ್ಕೊ. ಎಂಬತ್ತೊಂದರ ಮುದುಕಿ, ಕಣ್ಣು ಮಂಜು. ಯಾವ ಸಮಿತಿ ನನ್ನ ಮೇಲೆ ಅನುಮಾನ ಪಡತ್ತೆ? ದೇವರ ಹತ್ತಿರ ನಾನು ಮಾತಾಡ್ಕೋತೀನಿ. ಹೆಂಗೂ ಬೇಗ ಹೋಗೋಳು."

ಜಡ್ಜರು ಅಡುಗೆಮನೆಯಲ್ಲಿ ಎರಡು ಸಲ ಆಚೆಯಿಂದೀಚೆಗೆ ಓಡಾಡಿದರು. ಆಮೇಲೆ ಕೂತು ಬರೆದರು. ಅಜ್ಜಿ ಸಹಿ ಹಾಕಿದರು. ಸಾಕ್ಷಿಯ ಸಹಿ ಬೇಕಿತ್ತು.

"ಅತ್ತಿಗೆ," ಅಂದರು ನನಗೆ. "ನೀವು ಅವತ್ತು ಅಡುಗೆಮನೆಯಲ್ಲೇ ಇದ್ದಿರಲ್ಲ."

"ಇದ್ದೆ."

"ಏನಾದರೂ ನೋಡಿದಿರಾ?"

ಲವಿನಿಯಾ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ತಿರುಗಲಿಲ್ಲ. "ಬೋಗುಣಿ ತೊಳೀತಿದ್ದೆ," ಅಂದೆ ನಾನು, ಸಹಿ ಹಾಕಿದೆ. ಉಣ್ಣುವ ಅನ್ನ ಅವರದು, ಅದು ನನಗೆ ನೆನಪಿತ್ತು. ಒಮ್ಮೆ ಸುಮ್ಮನಿದ್ದು ತಂಗಿಯ ಕೈ ಹಿಡಿದೆ, ಇನ್ನೊಮ್ಮೆ ಬಾಯಿಬಿಟ್ಟು ಕೈಬಿಟ್ಟೆ. ನಾಚಿಕೆಯಾಯಿತು. ಜಡ್ಜರು ಪತ್ರವನ್ನು ಮಡಿಸಿ ಕೋಟಿನ ಒಳಜೇಬಿಗೆ ಇಟ್ಟುಕೊಂಡರು. ಲವಿನಿಯಾ ಸಾಯಂಕಾಲ ಅಟ್ಟದ ಮೇಲಿಂದ ಪ್ರಯಾಣದ ಪೆಟ್ಟಿಗೆ ಇಳಿಸಿ, ಅದರ ಬೂಷ್ಟು ಒರೆಸಿ, ಗೋಡೆಗೆ ಆನಿಸಿಟ್ಟಳು. ಹೋಗಲ್ಲ ಅಂದವಳು ಯಾಕೆ ಇಳಿಸಿದೆ ಅಂತ ನಾನು ಕೇಳಲಿಲ್ಲ. ಇಪ್ಪತ್ತನಾಲ್ಕು ವರ್ಷ ಹೆಂಡತಿಯಾಗಿದ್ದವಳು ಕೊನೆಗೆ ಹೋಗುತ್ತಾಳೆಂದು ನನಗೂ ಗೊತ್ತು, ಅವಳಿಗೂ ಗೊತ್ತು.

ನವೆಂಬರ್ ಬಂತು. ನೋಟೀಸು ಮುಟ್ಟಿಸಲು ಗ್ರೇವ್ಸನ ಊರಿಗೆ ಗಾಡಿಯಲ್ಲಿ ಮೂರು ಗಂಟೆ. ಜಡ್ಜರು ನಾಳೆ, ನಾಡಿದ್ದು ಅನ್ನುತ್ತಿದ್ದರು. ಕಚೇರಿಗೆ ಹೋಗುವುದು ಕಡಿಮೆಯಾಯಿತು, ಹೋದರೂ ಯಾರೂ ಬರುತ್ತಿರಲಿಲ್ಲ. ಮನೆಯಲ್ಲಿ ಸೌದೆ ಒಡೆದರು, ಸೇಬಿನ ಪೀಪಾಯಿಗಳನ್ನು ಉರುಳಿಸಿ ನೆಲಮಾಳಿಗೆಗೆ ಇಳಿಸಿದರು. ಮೂರು ಹೊತ್ತೂ ಊಟಕ್ಕೆ ಇರುತ್ತಿದ್ದರು. ಅವರು ಕಾಫಿಗೆ ಹಾಲು ಹಾಕಿಕೊಳ್ಳುವುದಿಲ್ಲವೆಂದು ಅಡೀಲಿಯಾಳಿಗೆ ಗೊತ್ತಾದದ್ದು ಆ ತಿಂಗಳು. ಒಂದು ದಿನ ಪ್ರಯಾಣದ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತಿದ್ದರು. ಅದರೊಳಗೆ ಹಳೆಯ ಸಾಮಾನು ಹಾಗೇ ಇತ್ತು, ಹುಡುಗನ ಒಂದು ಜೊತೆ ಬೂಟು ಕೂಡ.

ಮೂವತ್ತನೆಯ ದಿನ ನಮ್ಮಲ್ಲಿ ಹಂದಿ ಕೊಯ್ದಿದ್ದೆವು. ಅಂಗಳದಲ್ಲಿ ಕೊಪ್ಪರಿಗೆ ಇಟ್ಟು ಕೊಬ್ಬು ಕಾಯಿಸುತ್ತಿದ್ದೆವು. ಜಡ್ಜರು ತೋಳು ಮಡಿಸಿ ಉದ್ದನೆಯ ಸೌಟು ಹಿಡಿದು ತಿರುವುತ್ತಿದ್ದರು. ಅಡೀಲಿಯಾ ಶಾಲೆಗೆ ರಜೆ ಹಾಕಿದ್ದಳು.

"ಅಪ್ಪಾ, ಇವತ್ತು ಕೊನೇ ದಿನ."

"ಗೊತ್ತು."

"ಈಗ ಹೊರಟರೂ ಕತ್ತಲಾಗೋದರೊಳಗೆ ಮುಟ್ಟಬಹುದು. ನಾನು ಕುದುರೆ ಕಟ್ಟಲಾ?"

"ಬೆಂಕಿ ಸ್ವಲ್ಪ ಹಿಂದಕ್ಕೆ ತಳ್ಳು, ಮಗಳೇ. ತಳ ಹಿಡೀತಿದೆ."

ಅಜ್ಜಿ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. "ಪತ್ರ ಎಲ್ಲಿ, ಓರಿನ್?"

"ಜೇಬಲ್ಲಿದೆ, ಅಮ್ಮ."

"ಜೇಬಲ್ಲಿದ್ದರೆ ಗ್ರೇವ್ಸಿಗೆ ಹೆಂಗೆ ಮುಟ್ಟತ್ತೆ? ನಾನು ದೇವರ ಮುಂದೆ ಸುಳ್ಳು ಹೇಳಿದ್ದು ಹಂದಿ ಕೊಬ್ಬು ಕಾಯಿಸೋಕಾ?"

ಅವರು ಸೌಟು ತಿರುವುತ್ತಲೇ ಇದ್ದರು. ಜೀವಮಾನದಲ್ಲಿ ಒಂದು ಗಡುವನ್ನೂ ತಪ್ಪಿಸದ ವಕೀಲ. ಲವಿನಿಯಾ ಬಟ್ಟೆ ಕಟ್ಟಿದ ಜಾಡಿಗೆ ಕೊಬ್ಬು ಸೋಸುತ್ತಿದ್ದಳು, ಅವರ ಕಡೆ ನೋಡಲಿಲ್ಲ. ಮೂರಾಯಿತು, ನಾಲ್ಕಾಯಿತು. ಐದಕ್ಕೆ ಬೆಳಕು ಹೋಯಿತು. ಅಡೀಲಿಯಾ ಸೌಟನ್ನು ಅಪ್ಪನ ಕೈಯಿಂದ ತೆಗೆದುಕೊಂಡು, "ಕೈ ತೊಳ್ಕೊಳ್ಳಿ, ಊಟಕ್ಕೆ ಹೊತ್ತಾಯ್ತು," ಅಂದಳು.

ಮೇಜಿನ ಸುತ್ತ ಐದೂ ಜನ ಕೂತೆವು. ಹೊಸ ಮಾಂಸ ಹುರಿದಿತ್ತು, ಬೀನ್ಸು ಇತ್ತು. ಅಜ್ಜಿ ಪ್ರಾರ್ಥನೆ ಹೇಳಲು ಒಪ್ಪಲಿಲ್ಲ.

"ಲವಿನಿಯಾ," ಅಂದರು ಜಡ್ಜರು. "ಅವತ್ತು ನೀನು ಕಳಿಸಿದ ಕಾಗದ ನನಗೆ ಸಿಕ್ಕಿತ್ತು."

ಯಾವ ದಿನ ಅಂತ ಯಾರೂ ಕೇಳಲಿಲ್ಲ. ಲವಿನಿಯಾ ಕೈಯಲ್ಲಿದ್ದ ಬ್ರೆಡ್ಡಿನ ತುಂಡನ್ನು ತಟ್ಟೆಯಲ್ಲಿಟ್ಟಳು.

"ಎಷ್ಟು ಹೊತ್ತಿಗೆ?" ಅಂದಳು.

"ಎರಡೂವರೆಗೆ. ನಾನು ಮಾತಾಡೋಕೆ ಏಳೋ ಮೊದಲು."

"ಓದಿದಿರಾ?"

"ಓದಿದೆ. ಜೇಬಿಗೆ ಹಾಕ್ಕೊಂಡೆ."

"ಭಾಷಣ ಎಷ್ಟಕ್ಕೆ ಮುಗೀತು?"

"ನಾಲ್ಕಕ್ಕೆ. ಆಮೇಲೆ ಊಟಕ್ಕೆ ಕರೆದರು. ಎಲ್ಲರೂ ಕೈ ಕುಲುಕ್ತಿದ್ದರು."

"ಜ್ವರ ಏರಿದೆ ಅಂತ ಗೊತ್ತಿತ್ತು."

"ಗೊತ್ತಿತ್ತು," ಅಂದರು ಅವರು.

ಅಡೀಲಿಯಾ ಅಪ್ಪನನ್ನೇ ನೋಡುತ್ತಿದ್ದಳು. ನಾನು ತಂಗಿ ಎದ್ದು ಹೋಗುತ್ತಾಳೆ ಅಂದುಕೊಂಡೆ. ಅವಳು ಎದ್ದಳು, ಆದರೆ ಹೋಗಲಿಲ್ಲ. ಬೀನ್ಸಿನ ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಅವರ ತಟ್ಟೆಗೆ ಒಂದು ಸೌಟು ಹಾಕಿದಳು.

"ಉಣ್ಣಿ, ಓರಿನ್," ಅಂದಳು. "ಆರಿಹೋಗತ್ತೆ."

ಅವರು ಉಂಡರು.